ಅಣುಗಳ ನಡೆಯನ್ನು ಲೆಕ್ಕಕ್ಕೆ ತಂದವರು

ರಸಾಯನಶಾಸ್ತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಹೈಸ್ಕೂಲಿನ ಪ್ರಯೋಗಶಾಲೆ: ಗಾಜಿನ ಪ್ರನಾಳಗಳು, ಬುನ್ಸೆನ್ ದೀಪ, ಮೂಗಿಗೆ ಅಡರುವ ಗಂಧಕದ ಘಾಟು. ಆದರೆ ಆಯುಷ್ಯದ ಬಹುಭಾಗವನ್ನು ಕಾಗದ, ಪೆನ್ಸಿಲು, ಗಣಕಯಂತ್ರಗಳ ಸಹವಾಸದಲ್ಲಿಯೇ ಕಳೆದು, ರಸಾಯನಶಾಸ್ತ್ರಕ್ಕೆ ಮೀಸಲಾದ ನೊಬೆಲ್ ಬಹುಮಾನವನ್ನು ಪಡೆದವರೂ ಉಂಟು. 2024ರ ಡಿಸೆಂಬರ್ 28ರಂದು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡ ಮಾರ್ಟಿನ್ ಕಾರ್ಪ್ಲಸ್ ಅಂಥವರಲ್ಲೊಬ್ಬರು. ಅವರ ಹೆಸರನ್ನು ಹೊತ್ತ ಒಂದು ಸಮೀಕರಣವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಆ ಸಮೀಕರಣವನ್ನು ಅಳತೆಮೀರಿ ನಂಬಬೇಡಿರೆಂದು ಮೊಟ್ಟಮೊದಲು ಎಚ್ಚರಿಸಿದವರಲ್ಲಿ ಅದನ್ನು ಬರೆದ ಕಾರ್ಪ್ಲಸ್ ಅವರೇ ಒಬ್ಬರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಯಾವುದನ್ನು ಸ್ಥೂಲವಾಗಿ ಹಿಡಿದರೆ ಸಾಕು, ಯಾವುದನ್ನು ಸೂಕ್ಷ್ಮವಾಗಿಯೇ ನೋಡಬೇಕು ಎಂಬ ವಿವೇಕವೇ ಅವರ ದೀರ್ಘ ಸಂಶೋಧನ ಜೀವನದ ಜೀವಾಳವೆಂದು ತೋರುತ್ತದೆ.

ಕಾರ್ಪ್ಲಸ್ ಹುಟ್ಟಿದ್ದು 1930ರ ಮಾರ್ಚ್ 15ರಂದು, ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾದಲ್ಲಿ, ಸುಶಿಕ್ಷಿತ ಯೆಹೂದ್ಯ ಮನೆತನವೊಂದರಲ್ಲಿ. ತಾತ ಯೋಹಾನ್ ಪೌಲ್ ಕಾರ್ಪ್ಲಸ್ ಆ ಊರಿನ ವಿಶ್ವವಿದ್ಯಾನಿಲಯದಲ್ಲಿ ಹೆಸರಾಂತ ವೈದ್ಯ ಪ್ರಾಧ್ಯಾಪಕರು. ಬಾಲಕ ಮಾರ್ಟಿನ್ ಮಾತ್ರ ಕೊಂಚ ತುಂಟ. ಬೇಡವೆಂದರೂ ಬಾಯಿಗೆ ತುರುಕುತ್ತಿದ್ದ ಸೊಪ್ಪಿನ ಪಲ್ಯವನ್ನು ಒಮ್ಮೆ ಚಮಚದಿಂದ ಮೇಲಕ್ಕೆ ಚಿಮ್ಮಿದನಂತೆ. ಚಾವಣಿಗೆ ಅಂಟಿದ ಕಲೆ ಬಹುಕಾಲ ಹಾಗೆಯೇ ಉಳಿಯಿತಂತೆ. ಮುಂದೆ ತಮ್ಮ ಆತ್ಮಕಥನದ ಲೇಖನಕ್ಕೆ ಅವರು ಹೆಸರಿಟ್ಟದ್ದು ಈ ಘಟನೆಯಿಂದಲೇ. ಆದರೆ ಆ ಬಾಲ್ಯ ನಡುವೆಯೇ ಕಡಿದುಹೋಯಿತು. 1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಆಕ್ರಮಿಸಿಕೊಂಡಿತು. ಕೆಲವೇ ದಿನಗಳಲ್ಲಿ ತಾಯಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿಗೂ ಅಲ್ಲಿಂದ ಫ್ರಾನ್ಸಿಗೂ ಹೊರಟರು. ತಂದೆ ವಿಯೆನ್ನಾದ ಸೆರೆಮನೆಯಲ್ಲಿ ಉಳಿಯಬೇಕಾಯಿತು. ದೈವವಶಾತ್ ಅವರು ಬಿಡುಗಡೆ ಹೊಂದಿ ಸಂಸಾರವನ್ನು ಕೂಡಿಕೊಂಡರು. ಆ ವರ್ಷದ ಅಕ್ಟೋಬರ್ 8ರಂದು ಎಲ್ಲರೂ ಹಡಗಿನಲ್ಲಿ ನ್ಯೂಯಾರ್ಕ್ ತಲಪಿದರು.

ಈ ನಿರಾಶ್ರಿತ ಸಂಸಾರ ನೆಲೆನಿಂತದ್ದು ಬಾಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ. ಅಣ್ಣ ರಾಬರ್ಟನಿಗೆ ರಸಾಯನ ಪ್ರಯೋಗದ ಆಟಿಕೆಯ ಪೆಟ್ಟಿಗೆ ದೊರೆಯಿತು. ತಮ್ಮನೂ ಅದನ್ನೇ ಬೇಡಿದಾಗ, ಒಂದೇ ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದರೆ ಮನೆಯೇ ಉಳಿಯದೆಂದು ಹೆದರಿದ ತಂದೆ ಅವನಿಗೆ ಒಂದು ಸೂಕ್ಷ್ಮದರ್ಶಕವನ್ನು ಕೊಡಿಸಿದರು. ಕೊಳದ ನೀರಿನ ಒಂದು ಹನಿಯಲ್ಲಿ ಓಡಾಡುವ ಜೀವಿಗಳನ್ನು ಹುಡುಗ ಗಂಟೆಗಟ್ಟಲೆ ನೋಡಿದ. ಅನಂತರ ಹಕ್ಕಿಗಳ ವ್ಯಾಸಂಗ ಹಿಡಿಯಿತು. ರಸಾಯನಶಾಸ್ತ್ರಕ್ಕೆ ಬಂದಮೇಲೂ ಜೀವದ ರಹಸ್ಯವನ್ನು ಕುರಿತ ಈ ಕುತೂಹಲ ಅವರನ್ನು ಬಿಡಲಿಲ್ಲ.

1950ರಲ್ಲಿ ಹಾರ್ವರ್ಡಿನ ಪದವಿ ಪಡೆದು ಕಾರ್ಪ್ಲಸ್ ಕ್ಯಾಲಿಫೋರ್ನಿಯದ ತಂತ್ರವಿಜ್ಞಾನ ಸಂಸ್ಥೆಯಾದ ಕ್ಯಾಲ್‌ಟೆಕ್ ಸೇರಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಲೈನಸ್ ಪಾಲಿಂಗ್. ಪರಮಾಣುಗಳು ಒಂದನ್ನೊಂದು ಹೇಗೆ ಹಿಡಿದುಕೊಂಡು ಅಣುವಾಗುತ್ತವೆಂಬುದನ್ನು ಕ್ವಾಂಟಂ ಸಿದ್ಧಾಂತದ ಬೆಳಕಿನಲ್ಲಿ ವಿವರಿಸಿದ ಮಹಾನುಭಾವರು ಪಾಲಿಂಗ್. ತೊಡಕಿನ ಗಣಿತದ ನಡುವೆಯೂ ಯಾವ ಪದವನ್ನು ಕೈಬಿಟ್ಟರೆ ಫಲಿತಾಂಶ ಕೆಡದೆಂಬುದನ್ನು ಅಂತರ್ದೃಷ್ಟಿಯಿಂದ ಕಾಣುವುದು ಅವರ ವೈಶಿಷ್ಟ್ಯ. ಒಂದು ದಿನ ಪಾಲಿಂಗ್ ತಾವು ಮೂರು ವಾರಗಳಲ್ಲಿ ದೀರ್ಘ ಪ್ರವಾಸ ಹೊರಡುವುದಾಗಿಯೂ, ಅಷ್ಟರಲ್ಲಿ ಪ್ರಬಂಧ ಮುಗಿಯಬೇಕೆಂದೂ ಹೇಳಿದರಂತೆ. ಹಗಲುರಾತ್ರಿ ಕುಳಿತು ಪ್ರಬಂಧ ಮುಗಿಸಿ, 1953ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕಾರ್ಪ್ಲಸ್ ಡಾಕ್ಟರೇಟ್ ಪಡೆದರು. ಆಮೇಲೆ ಎರಡು ವರ್ಷ ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ಕೂಲ್ಸನ್ ಅವರ ಬಳಿಯಿದ್ದು, 1955ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಆಗ ಅಲ್ಲಿ ಒಂದು ಹೊಸ ವಿದ್ಯೆ ಕುಡಿಯೊಡೆಯುತ್ತಿತ್ತು. ಅದೇ ಕಾಂತೀಯ ಅನುರಣನ. ಜಲಜನಕದ ಪರಮಾಣುವಿನ ಬೀಜ ಒಂದು ಅತಿಸಣ್ಣ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಬಲವಾದ ಅಯಸ್ಕಾಂತದ ನಡುವೆ ಪದಾರ್ಥವನ್ನಿಟ್ಟು ರೇಡಿಯೋ ಅಲೆಗಳನ್ನು ಹಾಯಿಸಿದರೆ, ತಂಬೂರಿಯ ಒಂದು ತಂತಿ ಮೀಟಿದಾಗ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ಮಿಡಿಯುವಂತೆ, ತಕ್ಕ ಆವರ್ತದ ಅಲೆಗೆ ಆ ಬೀಜಗಳು ಓಗೊಡುತ್ತವೆ. ಇದನ್ನು 1946ರಲ್ಲಿ ಫೀಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ತೋರಿಸಿ 1952ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ರಸಾಯನಜ್ಞರು ಬೆರಗಾದದ್ದು 1951ರಲ್ಲಿ. ಸಾಮಾನ್ಯ ಮದ್ಯಸಾರದ ಅಣುವಿನಲ್ಲಿ ಮೂರು ಬಗೆಯ ಸ್ಥಾನಗಳಲ್ಲಿರುವ ಜಲಜನಕಗಳು ಮೂರು ಬೇರೆ ಶ್ರುತಿಗಳಲ್ಲಿ ಓಗೊಡುತ್ತವೆಂಬುದು ಆಗ ಕಂಡುಬಂದಿತು. ಆ ಲೇಖನದ ಮೂವರು ಲೇಖಕರಲ್ಲಿ ಒಬ್ಬರು ಭಾರತೀಯರಾದ ಎಸ್. ಎಸ್. ಧರ್ಮಟ್ಟಿ. ಮುಂದೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಗೆ ನಮ್ಮ ನಾಡಿನಲ್ಲಿ ತಳಹದಿ ಹಾಕಿದರು.

ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಒಂದೊಂದು ಶ್ರುತಿಯ ಗೆರೆಯೂ ಒಡೆದು ಎರಡೋ ಮೂರೋ ನಾಲ್ಕೋ ಗೆರೆಗಳಾಗಿ ಕಾಣುತ್ತಿತ್ತು. ನೆರೆಯ ಇಂಗಾಲಕ್ಕೆ ಅಂಟಿದ ಜಲಜನಕಗಳು ನಡುವಣ ಬಂಧಗಳ ಮೂಲಕ ಒಂದರ ಸುಳಿವನ್ನು ಇನ್ನೊಂದಕ್ಕೆ ಮುಟ್ಟಿಸುವುದೇ ಇದಕ್ಕೆ ಕಾರಣ. ಗೆರೆಗಳ ನಡುವಣ ಅಂತರ ಒಂದು ಅಣುವಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಏಕೆ? ಕಾರ್ಪ್ಲಸ್ ಎತ್ತಿಕೊಂಡ ಪ್ರಶ್ನೆ ಇದು.

ಓದುಗರು ಕೈಯಲ್ಲಿ ಒಂದು ಪುಸ್ತಕವನ್ನು ಹಿಡಿದು ಅರ್ಧ ತೆರೆಯಲಿ. ಪುಸ್ತಕದ ಬೆನ್ನೇ ಎರಡು ಇಂಗಾಲಗಳನ್ನು ಸೇರಿಸುವ ಬಂಧವೆಂದೂ, ಎರಡು ರಟ್ಟುಗಳ ಅಂಚಿನಲ್ಲಿ ಒಂದೊಂದು ಜಲಜನಕವಿದೆಯೆಂದೂ ಭಾವಿಸಿದರೆ, ರಟ್ಟುಗಳ ನಡುವಣ ಕೋನವೇ ಇಲ್ಲಿ ಮುಖ್ಯವಾದದ್ದು. ಆ ಕೋನಕ್ಕೂ ಗೆರೆಗಳ ಅಂತರಕ್ಕೂ ಇರುವ ಸಂಬಂಧವನ್ನು ಕಾರ್ಪ್ಲಸ್ 1959ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಪುಸ್ತಕ ಪೂರ್ತಿ ಮುಚ್ಚಿದ್ದರೆ, ಎಂದರೆ ಕೋನ 0 ಡಿಗ್ರಿಯಾದರೆ, ಅಂತರ ಸೆಕೆಂಡಿಗೆ ಸುಮಾರು 8.2 ಆವರ್ತ, 60 ಡಿಗ್ರಿಗೆ ಅದು ಸುಮಾರು 1.8ಕ್ಕೆ ಇಳಿಯುತ್ತದೆ; 90 ಡಿಗ್ರಿಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ; ಪುಸ್ತಕ ಪೂರ್ತಿ ಹರಡಿ 180 ಡಿಗ್ರಿಯಾದಾಗ ಮತ್ತೆ ಏರಿ 9.2 ಮುಟ್ಟುತ್ತದೆ. ಇಷ್ಟನ್ನು ಪಡೆಯಲು ಅವರು ನಿಜವಾದ ದೊಡ್ಡ ಅಣುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ಇಂಗಾಲ, ಎರಡು ಜಲಜನಕಗಳ ಒಂದು ತುಣುಕನ್ನಷ್ಟೇ ಹಿಡಿದು, ಅಕ್ಕಪಕ್ಕದಲ್ಲಿ ಏನಿದೆಯೆಂಬುದನ್ನು ಬಿಟ್ಟುಬಿಟ್ಟರು. ಗುರುವಿನ ದಾರಿಯೇ ಶಿಷ್ಯನ ದಾರಿ.

ಇದರ ಪ್ರಯೋಜನವೇನೆಂದು ಕೇಳಬಹುದು. ನಮ್ಮ ರಕ್ತದಲ್ಲಿ ಹರಿಯುವ ಗ್ಲೂಕೋಸ್ ಸಕ್ಕರೆಯನ್ನೇ ತೆಗೆದುಕೊಳ್ಳೋಣ. ನೀರಿನಲ್ಲಿ ಅದು ಮುಖ್ಯವಾಗಿ ಎರಡು ರೂಪಗಳಲ್ಲಿರುತ್ತದೆ. ಎರಡರಲ್ಲಿಯೂ ಪರಮಾಣುಗಳ ಸಂಖ್ಯೆ ಒಂದೇ, ಜೋಡಣೆಯ ಕ್ರಮವೂ ಒಂದೇ. ಒಂದು ಇಂಗಾಲದ ಮೇಲಿನ ಜಲಜನಕ ಯಾವ ಕಡೆಗೆ ಮುಖಮಾಡಿದೆ ಎಂಬುದಷ್ಟೇ ವ್ಯತ್ಯಾಸ. ಒಂದು ರೂಪದಲ್ಲಿ ಗೆರೆಗಳ ಅಂತರ ಸುಮಾರು 4, ಇನ್ನೊಂದರಲ್ಲಿ ಸುಮಾರು 8. ಹಿಂದೆ ತಿಂಗಳುಗಟ್ಟಲೆ ರಾಸಾಯನಿಕ ಕ್ರಿಯೆಗಳನ್ನು ನಡೆಸಿ ಪರೋಕ್ಷವಾಗಿ ಊಹಿಸಬೇಕಾಗಿದ್ದ ಇಂಥ ಸಂಗತಿಯನ್ನು ಈಗ ಗೆರೆಯನ್ನು ಅಳೆದು ಹೇಳಬಹುದಾಯಿತು. ಇದೇ ಸುಮಾರಿನಲ್ಲಿ ಕೆನಡದ ರೇಮಂಡ್ ಲೆಮ್ಯು ಸಕ್ಕರೆಯ ಅಣುಗಳಲ್ಲಿ ಅಳೆದು ಕಂಡ ಅಂಕಿಗಳು ಕಾರ್ಪ್ಲಸ್ ಲೆಕ್ಕಕ್ಕೆ ಹೊಂದಿಕೊಂಡವು. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಈ ಸೂತ್ರವನ್ನು ಕೈಗೆತ್ತಿಕೊಂಡವು.

ಅಪಾಯ ಇದ್ದದ್ದೂ ಅಲ್ಲಿಯೇ. ಸೂತ್ರವೊಂದು ಕೈಗೆ ಸಿಕ್ಕಮೇಲೆ ಅದರ ಮೇರೆಯನ್ನು ಮರೆಯುವುದು ಮನುಷ್ಯಸಹಜ. ಅಂಕಿಯನ್ನು ಸೂತ್ರಕ್ಕೆ ಹಾಕಿ, ಕೋನ ಇಷ್ಟೇ ಡಿಗ್ರಿಯೆಂದು ದಶಾಂಶದವರೆಗೆ ಬರೆಯುವವರು ಹುಟ್ಟಿಕೊಂಡರು. 1963ರಲ್ಲಿ ಕಾರ್ಪ್ಲಸ್ ಇನ್ನೊಂದು ಲೇಖನ ಬರೆದು, ನೆರೆಯ ಪರಮಾಣುಗಳ ಸ್ವಭಾವ, ಬಂಧಗಳ ಉದ್ದ, ಇತರ ಕೋನಗಳು ಇವೆಲ್ಲವೂ ಅಂತರವನ್ನು ಏರಿಳಿಸುತ್ತವೆಂದು ವಿವರಿಸಿದರು. ಒಂದೆರಡು ಡಿಗ್ರಿಗಳಷ್ಟು ನಿಖರವಾಗಿ ಕೋನವನ್ನು ಹೇಳಹೊರಟವರು ಅದರ ಅಪಾಯವನ್ನು ತಾವೇ ಹೊರಬೇಕೆಂದು ಎಚ್ಚರಿಸಿದರು. ತಮ್ಮ ಕೀರ್ತಿಗೆ ಆಧಾರವಾದ ಸೂತ್ರದ ಮಿತಿಯನ್ನು, ಅದು ಜನಪ್ರಿಯವಾಗುತ್ತಿದ್ದಾಗಲೇ, ತಾವೇ ಬರೆದು ಪ್ರಕಟಿಸುವುದು ಸಾಮಾನ್ಯವಾದ ನಡತೆಯಲ್ಲ.

ಆ 1963ರಲ್ಲಿಯೇ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ಪ್ರೋಟೀನುಗಳ ವಿಷಯದಲ್ಲಿ ಇದೇ ಬಗೆಯ ಕೋನಗಳ ನಕ್ಷೆಯನ್ನು ಪ್ರಕಟಿಸಿದ್ದು ಗಮನಾರ್ಹ. ಪ್ರೋಟೀನಿನ ಸರಪಣಿ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿಹೊಡೆಯುತ್ತವೆ ಎಂಬುದನ್ನು ತೋರಿಸುವ ಆ ನಕ್ಷೆ ಇಂದಿಗೂ ಅವರ ಹೆಸರಿನಲ್ಲಿಯೇ ಪ್ರಸಿದ್ಧ. ಅಲ್ಲಿನ ಎರಡು ಕೋನಗಳಲ್ಲಿ ಒಂದನ್ನು ಕಾಂತೀಯ ಅನುರಣನದಿಂದ ಅಂದಾಜುಮಾಡಲು ಕಾರ್ಪ್ಲಸ್ ಸೂತ್ರವೇ ಸಾಧನ. ಆದರೆ ಇಂಗಾಲದ ತುಣುಕಿಗೆಂದು ಪಡೆದ ಅಂಕಿಗಳು ಪ್ರೋಟೀನಿಗೆ ಹಾಗೆಯೇ ಸಲ್ಲವು. 1971ರಲ್ಲಿ ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್, ಅಮೆರಿಕದ ಕೆ. ಡಿ. ಕಾಪಲ್ ಅವರೊಡನೆ ಸೇರಿ, ಪ್ರೋಟೀನಿನ ಸರಪಣಿಗೆ ಒಪ್ಪುವಂತೆ ಆ ಸಂಬಂಧವನ್ನು ಹೊಸದಾಗಿ ಪರಿಶೀಲಿಸಿದರು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ರಾಮಚಂದ್ರನ್ ಅವರೇ.

ಇತ್ತ ಕಾರ್ಪ್ಲಸ್ ಬೇರೊಂದು ದಾರಿ ಹಿಡಿದಿದ್ದರು. 1960ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಗಣಕಯಂತ್ರದ ಅನುಕೂಲವಿತ್ತು. ಒಂದು ಜಲಜನಕ ಪರಮಾಣು ಹಾರಿಬಂದು ಜಲಜನಕದ ಅಣುವಿಗೆ ಬಡಿದು, ಅಲ್ಲಿನ ಒಂದು ಪರಮಾಣುವನ್ನು ಹೊರಗಟ್ಟಿ ತಾನು ಅದರ ಜಾಗದಲ್ಲಿ ಕೂರುತ್ತದೆ. ರಾಸಾಯನಿಕ ಕ್ರಿಯೆಗಳಲ್ಲೆಲ್ಲ ಇದಕ್ಕಿಂತ ಸರಳವಾದದ್ದಿಲ್ಲ. 1965ರಲ್ಲಿ ಪ್ರಕಟವಾದ ಕೆಲಸದಲ್ಲಿ ಕಾರ್ಪ್ಲಸ್, ಪೋರ್ಟರ್, ಶರ್ಮ ಎಂಬ ಮೂವರು ಇಂಥ ಡಿಕ್ಕಿಗಳನ್ನು ಒಂದೊಂದಾಗಿ ಯಂತ್ರದಲ್ಲಿ ನಡೆಯಿಸಿ ನೋಡಿದರು. ಪರಮಾಣುಗಳ ನಡುವಣ ಬಲಗಳಿಗೆ ಕ್ವಾಂಟಂ ಸಿದ್ಧಾಂತ; ಆ ಬಲಗಳಿಗೆ ಒಳಪಟ್ಟು ಅವು ಚಲಿಸುವ ಬಗೆಗೆ ಮುನ್ನೂರು ವರ್ಷ ಹಳೆಯದಾದ ನ್ಯೂಟನ್ನನ ನಿಯಮ. ಸೂಕ್ಷ್ಮವೂ ಸ್ಥೂಲವೂ ಇಲ್ಲಿ ಒಂದೇ ನೊಗಕ್ಕೆ ಹೂಡಿದ ಎತ್ತುಗಳಾದವು.

1966ರಲ್ಲಿ ಹಾರ್ವರ್ಡಿಗೆ ಹಿಂದಿರುಗಿದ ಮೇಲೆ ಬಾಲ್ಯದ ಜೀವವಿಜ್ಞಾನದ ಸೆಳೆತ ಮತ್ತೆ ತಲೆಯೆತ್ತಿತು. 1969ರಲ್ಲಿ ಅವರು ಇಸ್ರೇಲಿನ ವೈಜ್ಮನ್ ಸಂಸ್ಥೆಗೆ ಹೋದರು. ದೊಡ್ಡ ಅಣುಗಳನ್ನು ಚೆಂಡು ಮತ್ತು ಸ್ಪ್ರಿಂಗುಗಳ ಜೋಡಣೆಯೆಂದು ಭಾವಿಸಿ ಲೆಕ್ಕ ಹಾಕುವ ವಿಧಾನವನ್ನು ಅಲ್ಲಿ ಶ್ನಿಯೋರ್ ಲಿಫ್ಸನ್ ಅವರ ಬಳಗ ಬೆಳೆಸುತ್ತಿತ್ತು. ಆ ಬಳಗದ ತರುಣ ಆರಿಯೆ ವಾರ್ಶೆಲ್ ಅನಂತರ ಹಾರ್ವರ್ಡಿಗೆ ಬಂದರು. ಊರಿನ ನಕ್ಷೆ ಬರೆಯುವವನು ಪ್ರತಿಯೊಂದು ಮನೆಯ ಕಿಟಕಿಯನ್ನೂ ಬರೆಯುವುದಿಲ್ಲ. ಆದರೆ ಕಳ್ಳತನ ನಡೆದ ಮನೆಯ ವಿಷಯದಲ್ಲಿ ಪೊಲೀಸರಿಗೆ ಕಿಟಕಿಯ ಸರಳೂ ಬೇಕು. ಹಾಗೆಯೇ ಅಣುವಿನಲ್ಲಿ ಬೆಳಕನ್ನು ಹೀರುವ ಎಲೆಕ್ಟ್ರಾನುಗಳಿಗೆ ಮಾತ್ರ ಕ್ವಾಂಟಂ ಲೆಕ್ಕವನ್ನು ಹಾಕಿ, ಉಳಿದ ಭಾಗಕ್ಕೆ ಚೆಂಡು–ಸ್ಪ್ರಿಂಗಿನ ಲೆಕ್ಕ ಸಾಕೆಂದು ಇಬ್ಬರೂ 1972ರಲ್ಲಿ ತೋರಿಸಿದರು. 1976ರಲ್ಲಿ ವಾರ್ಶೆಲ್ ಮತ್ತು ಮೈಕೇಲ್ ಲೆವಿಟ್ ಈ ಉಪಾಯವನ್ನು ಒಂದು ಕಿಣ್ವದೊಳಗಿನ ಕ್ರಿಯೆಗೆ ಅನ್ವಯಿಸಿದರು.

ಇಷ್ಟರಲ್ಲಿ ಪ್ರೋಟೀನುಗಳ ಆಕಾರ ಎಕ್ಸ್-ಕಿರಣಗಳ ಸಹಾಯದಿಂದ ತಿಳಿದಿತ್ತು. ಮಯೋಗ್ಲೋಬಿನ್, ಹೀಮೋಗ್ಲೋಬಿನ್‌ಗಳ ರಚನೆಗಾಗಿ ಕೆಂಡ್ರೂ ಮತ್ತು ಪೆರೂಟ್ಸ್ 1962ರಲ್ಲಿ ನೊಬೆಲ್ ಬಹುಮಾನ ಪಡೆದಿದ್ದರು. ಆದರೆ ಆ ಚಿತ್ರಗಳು ವಿಗ್ರಹಗಳಂತೆ ನಿಶ್ಚಲ. ಮಯೋಗ್ಲೋಬಿನ್ ನಮ್ಮ ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನು. ಅದರ ಚಿತ್ರದಲ್ಲಿ ನೋಡಿದರೆ ಆಮ್ಲಜನಕ ಒಳಹೊಕ್ಕು ಹೊರಬರಲು ದಾರಿಯೇ ಇಲ್ಲ! ಗೋಡೆಗಳು ಅಲುಗಾಡಿ ಆಗಾಗ ಬಾಗಿಲು ತೆರೆಯದಿದ್ದರೆ ಆ ಪ್ರೋಟೀನು ತನ್ನ ಕೆಲಸ ಮಾಡಲಾರದು. ಆದಕಾರಣ ಚಲನೆಯನ್ನು ಕಾಣಬೇಕು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ 1964ರಲ್ಲಿಯೇ ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಅಮೆರಿಕದಲ್ಲಿ ಗಣಕಯಂತ್ರದಿಂದ ಲೆಕ್ಕ ಹಾಕಿದ್ದರು. ಆದರೆ ಆರ್ಗಾನಿನ ಪರಮಾಣುಗಳೆಲ್ಲ ಒಂದೇ ಬಗೆ. ಪ್ರೋಟೀನಿನಲ್ಲಿ ನೂರೆಂಟು ಬಗೆಯ ಜೋಡಣೆ. ಇಂಥದಕ್ಕೆ ಕೈಹಾಕುವೆನೆಂದಾಗ, ಇದು ಆಗದ ಕೆಲಸವೆಂದು ರಸಾಯನಜ್ಞರೂ, ಆದರೂ ಅದರಿಂದ ಪ್ರಯೋಜನವಿಲ್ಲವೆಂದು ಜೀವವಿಜ್ಞಾನಿಗಳೂ ಹೇಳಿದರೆಂದು ಕಾರ್ಪ್ಲಸ್ ಮುಂದೆ ನೆನೆಯುತ್ತಿದ್ದರು.

1977ರಲ್ಲಿ ಮೆಕ್‌ಕ್ಯಾಮನ್, ಜೆಲಿನ್ ಮತ್ತು ಕಾರ್ಪ್ಲಸ್ ಆ ಆಗದ ಕೆಲಸವನ್ನು ಮಾಡಿ ತೋರಿಸಿದರು. ಅವರು ಆರಿಸಿಕೊಂಡದ್ದು ಹಸುವಿನ ಮೇದೋಜೀರಕ ಗ್ರಂಥಿಯಲ್ಲಿರುವ, 58 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನು. ಪ್ರತಿಯೊಂದು ಪರಮಾಣುವಿನ ಮೇಲೆ ಬೀಳುವ ಬಲವನ್ನು ಲೆಕ್ಕಹಾಕಿ, ಅದು ಕ್ಷಣಾರ್ಧದಲ್ಲಿ ಎಲ್ಲಿಗೆ ಸರಿಯುವುದೆಂದು ಕಂಡು, ಮತ್ತೆ ಬಲ, ಮತ್ತೆ ಸರಿಯುವಿಕೆ, ಹೀಗೆ ಹೆಜ್ಜೆಯ ಮೇಲೆ ಹೆಜ್ಜೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲುಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲುಮಾಡಿದರೆ ಎಷ್ಟೋ, ಒಂದು ಹೆಜ್ಜೆ ಸುಮಾರು ಅಷ್ಟು. ಇಂಥ ಸುಮಾರು ಒಂಬತ್ತು ಸಾವಿರ ಹೆಜ್ಜೆಗಳನ್ನು ಇಟ್ಟರೂ ಕಂಡ ಕಾಲ ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಒಂಬತ್ತು ಪಾಲು ಮಾತ್ರ. ಆದರೂ ಅಷ್ಟರಲ್ಲಿಯೇ ಗೊತ್ತಾಗಬೇಕಾದ್ದು ಗೊತ್ತಾಯಿತು. ಪ್ರೋಟೀನಿನ ಒಳಭಾಗ ಕಲ್ಲಿನಂತಲ್ಲ. ಪರಮಾಣುಗಳು ಅಲ್ಲಿ ಬಹುಮಟ್ಟಿಗೆ ದ್ರವದಲ್ಲಿರುವಂತೆ ಮಿಸುಕಾಡುತ್ತವೆ.

ಈ ಲೆಕ್ಕದಲ್ಲಿಯೂ ಬಿಟ್ಟದ್ದು ಬಹಳ. ಪ್ರೋಟೀನಿನ ಸುತ್ತಲೂ ನೀರು ಇರಬೇಕಾದ ಕಡೆ ಬರಿಯ ಶೂನ್ಯ, ಬಲಗಳೂ ಅಂದಾಜಿನವು. ನೀರಿನ ನಡುವೆ ಇದೇ ಪ್ರೋಟೀನಿನ ಚಲನೆಯನ್ನು ಲೆವಿಟ್ ಮತ್ತು ಶರೋನ್ ದೀರ್ಘವಾಗಿ ಲೆಕ್ಕಹಾಕಿ 1988ರಲ್ಲಿ ಪ್ರಕಟಿಸಿದರು. ನೀರಿನಲ್ಲಿ ಅದು ಎಕ್ಸ್-ಕಿರಣದ ಆಕಾರಕ್ಕೆ ಇನ್ನೂ ಹತ್ತಿರವಾಗಿ ಉಳಿಯಿತು. ಆದರೆ ಮೊದಲನೆಯ ಲೆಕ್ಕ ಹೇಳಿದ ಮುಖ್ಯ ಮಾತು ಸುಳ್ಳಾಗಲಿಲ್ಲ. ಹಾರ್ವರ್ಡಿನ ಬಳಗ ಬರೆದ ಗಣಕ ಕಾರ್ಯಕ್ರಮ 1983ರಲ್ಲಿ ‘ಚಾರ್ಮ್’ ಎಂಬ ಹೆಸರಿನಿಂದ ಪ್ರಕಟವಾಗಿ ಅನೇಕ ದೇಶಗಳ ಪ್ರಯೋಗಶಾಲೆಗಳಲ್ಲಿ ಬಳಕೆಗೆ ಬಂದಿತು.

ಹೀಗೆ ಎರಡು ಬೇರೆ ಹೊಳೆಗಳಂತೆ ಹರಿದ ಕೆಲಸ ಒಂದೆಡೆ ಸಂಗಮಿಸಿತು. 1986ರಲ್ಲಿ ಬ್ರುಂಗರ್, ಕ್ಲೋರ್, ಗ್ರೋನೆನ್‌ಬಾರ್ನ್ ಎಂಬವರೊಡನೆ ಕಾರ್ಪ್ಲಸ್ ಒಂದು ಪರೀಕ್ಷೆ ನಡೆಸಿದರು. 46 ಅಮೈನೋ ಆಮ್ಲಗಳ ಕ್ರ್ಯಾಂಬಿನ್ ಎಂಬ ಬೀಜದ ಪ್ರೋಟೀನನ್ನು ತೆಗೆದುಕೊಂಡು, ಕಾಂತೀಯ ಅನುರಣನದಿಂದ ಸಿಗಬಹುದಾದಂಥ ದೂರಗಳನ್ನು ಮಾತ್ರ ಕಟ್ಟುಪಾಡಾಗಿ ಕೊಟ್ಟು, ಪರಮಾಣುಗಳನ್ನು ಯಂತ್ರದಲ್ಲಿ ಚಲಿಸಲು ಬಿಟ್ಟರು. ನೀಳವಾದ ಸರಪಣಿ ತಾನಾಗಿ ಮಡಿಸಿಕೊಂಡು, ಮೊದಲೇ ತಿಳಿದಿದ್ದ ನಿಜವಾದ ಆಕಾರದ ಸಮೀಪಕ್ಕೆ ಬಂದಿತು. ಅಳತೆಯೂ ಲೆಕ್ಕವೂ ಕೂಡಿ ಪ್ರೋಟೀನಿನ ಆಕಾರವನ್ನು ಕಾಣುವ ದಾರಿ ಹೀಗೆ ಗಟ್ಟಿಯಾಯಿತು. ಅದೂ ಅಲ್ಲದೆ, ಅನುರಣನದಲ್ಲಿ ನಾವು ಅಳೆಯುವ ಗೆರೆಯ ಅಂತರ ಒಂದು ನಿಂತ ಕೋನದ್ದಲ್ಲ, ಅಲುಗಾಡುವ ಅನೇಕ ಕೋನಗಳ ಸರಾಸರಿ. ಒಂದೆರಡು ಡಿಗ್ರಿಗಳ ನಿಖರತೆಯನ್ನು ನಂಬಬೇಡಿರೆಂದು ಕಾರ್ಪ್ಲಸ್ 1963ರಲ್ಲಿ ಹೇಳಿದ್ದ ಮಾತಿಗೆ ಇನ್ನೊಂದು ಕಾರಣ ಅವರ ಚಲನೆಯ ಲೆಕ್ಕದಿಂದಲೇ ದೊರೆಯಿತು.

2013ರಲ್ಲಿ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಮೂವರಿಗೂ ನೊಬೆಲ್ ಬಹುಮಾನ ಹಂಚಿಕೆಯಾದಾಗ ಕಾರ್ಪ್ಲಸ್ ಅವರಿಗೆ 83 ವರ್ಷ. ಆಗ ಅವರು ಹಾರ್ವರ್ಡಿನಲ್ಲಿಯೂ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿಯೂ ಸಂಶೋಧನೆ ನಡೆಸುತ್ತಿದ್ದರು. ಯೂರೋಪಿನಿಂದ ಎಂಟನೆಯ ವಯಸ್ಸಿನಲ್ಲಿ ಓಡಿಹೋಗಬೇಕಾದವರು ಅಲ್ಲಿಯೇ ಮತ್ತೊಂದು ನೆಲೆಯನ್ನು ಕಂಡುಕೊಂಡಿದ್ದರು. ಆಕ್ಸ್‌ಫರ್ಡಿನ ದಿನಗಳಲ್ಲಿ ಯೂರೋಪನ್ನು ಸುತ್ತಿ ತೆಗೆದ ಬಣ್ಣದ ಛಾಯಾಚಿತ್ರಗಳು ದಶಕಗಳ ಮೇಲೆ ಪ್ರದರ್ಶನಗೊಂಡು ಮೆಚ್ಚುಗೆ ಪಡೆದವು. ಫ್ರೆಂಚ್ ಭೋಜನಶಾಲೆಗಳ ಅಡಿಗೆಮನೆಯಲ್ಲಿ ನಿಂತು ಪಾಕಶಾಸ್ತ್ರವನ್ನೂ ಅವರು ಕಲಿತಿದ್ದರು.

ಇಂದು ಗಣಕಯಂತ್ರದ ತೆರೆಯ ಮೇಲೆ ಪ್ರೋಟೀನುಗಳು ಬಣ್ಣಬಣ್ಣದ ನಾಡೆಗಳಾಗಿ ತಿರುಗುತ್ತವೆ. ಸರಪಣಿಯ ಅಕ್ಷರಗಳಿಂದಲೇ ಆಕಾರವನ್ನು ಊಹಿಸುವ ವಿದ್ಯೆಗೆ 2024ರಲ್ಲಿ ನೊಬೆಲ್ ಬಹುಮಾನ ಸಂದಿದೆ. ಚಿತ್ರ ಸೊಗಸಾದಷ್ಟೂ ಅದು ಅಂದಾಜೆಂಬುದನ್ನು ಮರೆಯುವುದು ಸುಲಭ. ಔಷಧವೊಂದು ಪ್ರೋಟೀನಿಗೆ ಅಂಟಿಕೊಳ್ಳುವುದೋ ಇಲ್ಲವೋ ಎಂಬುದನ್ನು ಇಂಥ ಲೆಕ್ಕಗಳಿಂದ ತೂಗಿನೋಡುವ ಕಾಲದಲ್ಲಿ ಈ ಮರೆವು ಕೇವಲ ಪಂಡಿತರ ವಿಷಯವಾಗಿ ಉಳಿಯದು. ರೋಗಿಯ ಮಂಚದವರೆಗೂ ಅದರ ಫಲ ಮುಟ್ಟಬಲ್ಲುದು. ಕಾರ್ಪ್ಲಸ್ ಸಮೀಕರಣವನ್ನು ಪಠ್ಯಪುಸ್ತಕಗಳಲ್ಲಿ ಬರೆಯುವಾಗ ಅದರಲ್ಲಿ ಎ, ಬಿ, ಸಿ ಎಂಬ ಮೂರು ಅಕ್ಷರಗಳನ್ನು ಅಂಕಿಗಳಿಲ್ಲದೆ ಬಿಟ್ಟಿರುತ್ತಾರೆ. ಸಕ್ಕರೆಗೆ ಒಂದು ಬೆಲೆ, ಪ್ರೋಟೀನಿಗೆ ಇನ್ನೊಂದು. ಕೈಯಲ್ಲಿರುವ ಅಣು ಯಾವುದೆಂದು ನೋಡಿ, ಅದಕ್ಕೆ ತಕ್ಕ ಬೆಲೆಯನ್ನು ಅಳೆದು ತುಂಬುವ ಕೆಲಸ ಸೂತ್ರವನ್ನು ಬಳಸುವವರದು.